ಮೊದಲು ಮರಳು, ಆಮೇಲೆ ಮದ್ದು: ಅಮೆರಿಕದಲ್ಲಿ ಸುಡುಮದ್ದು ಪ್ರದರ್ಶನದ ಕೆಲಸ ಕಲಿಯುವ ಬಗೆ

ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ, ಮಧ್ಯಾಹ್ನ ಒಂದು ಗಂಟೆ. ನದಿ ದಂಡೆಯ ಬಯಲಿನಲ್ಲಿ ನಾವು ಎಂಟು ಜನ ಬೆವರು ಸುರಿಸುತ್ತಾ ಪೆಟ್ಟಿಗೆಗಳಿಗೆ ಮರಳು ತುಂಬುತ್ತಿದ್ದೆವು. ಬೆಳಗ್ಗೆ ಏಳಕ್ಕೆ ಬಂದವರು ಇನ್ನೂ ಒಂದು ಪಟಾಕಿಯ ಮುಖ ನೋಡಿರಲಿಲ್ಲ. ಲಾರಿಯ ಹಿಂಬಾಗಿಲಿಗೆ ಬೀಗ ಹಾಗೇ ಇತ್ತು. ನನ್ನ ಪಕ್ಕ ಸಲಿಕೆ ಹಿಡಿದಿದ್ದ ಹುಡುಗನಿಗೂ ಅದು ಮೊದಲ ವರ್ಷ. ಮೆಲ್ಲಗೆ ಕೇಳಿದ, "ನಾವು ಸರಿಯಾದ ಜಾಗಕ್ಕೇ ಬಂದಿದ್ದೀವಾ?"

ಸರಿಯಾದ ಜಾಗಕ್ಕೇ ಬಂದಿದ್ದೆವು. ಆಕಾಶದಲ್ಲಿ ಇಪ್ಪತ್ತು ನಿಮಿಷ ಹೂವು ಅರಳಬೇಕಾದರೆ ನೆಲದ ಮೇಲೆ ಹದಿನೈದು ಗಂಟೆ ಮೈ ಮುರಿಯಬೇಕು. ಈ ಕೆಲಸ ಕಲಿಸುವ ಕಾಲೇಜು ಇಲ್ಲ. ಯಾವುದಾದರೂ ತಂಡದ ಜೊತೆ ಸೇರಿಕೊಂಡು, ಹೇಳಿದ್ದನ್ನು ಹೊತ್ತು, ಹೇಳಿದಲ್ಲಿ ಇಟ್ಟು ಕಲಿಯಬೇಕು.

ನಾನು ಪುತ್ತೂರಿನವನು. ಏಪ್ರಿಲ್ 17ರ ರಾತ್ರಿ, ಮಹಾಲಿಂಗೇಶ್ವರನ ಜಾತ್ರೆಯ ಬೆಡಿಯನ್ನು, ಅಂದರೆ ಸುಡುಮದ್ದನ್ನು, ಅಪ್ಪನ ಹೆಗಲ ಮೇಲೆ ಕೂತು ನೋಡಿದವನು. ಗರ್ನಾಲಿನ ಸದ್ದಿಗೆ ಕಿವಿ ಮುಚ್ಚಿಕೊಂಡರೂ ಕಣ್ಣು ಮುಚ್ಚಿದ್ದಿಲ್ಲ. ಆ ಹುಚ್ಚು ಇಲ್ಲಿಗೆ ಬಂದ ಮೇಲೂ ಬಿಡಲಿಲ್ಲ. ನಿಮಗೂ ಅಂಥ ಹುಚ್ಚಿದ್ದರೆ, ಅಮೆರಿಕದಲ್ಲಿ ಇದನ್ನು ಹೇಗೆ ಕಲಿಯಬಹುದು ಅಂತ ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲ ಹೆಜ್ಜೆ: ನಿಮ್ಮ ವೀಸಾ ನೋಡಿಕೊಳ್ಳಿ

ಬೇಸರದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಎಚ್‌1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿದ್ದರೆ ಪ್ರದರ್ಶನದ ಮದ್ದನ್ನು ಮುಟ್ಟುವ ಹಾಗಿಲ್ಲ. ಇದು ಕಂಪನಿಯ ನಿಯಮ ಅಲ್ಲ, ಕೇಂದ್ರ ಸರ್ಕಾರದ ಕಾನೂನು. 2002ರ ಸೇಫ್ ಎಕ್ಸ್‌ಪ್ಲೋಸಿವ್ಸ್ ಆ್ಯಕ್ಟ್ ಬಂದ ಮೇಲೆ, ಅಪರೂಪದ ಕೆಲವು ವಿನಾಯಿತಿ ಬಿಟ್ಟರೆ, ಗ್ರೀನ್ ಕಾರ್ಡ್ ಇಲ್ಲದ ವಿದೇಶಿಯರು ಸ್ಫೋಟಕ ಇಟ್ಟುಕೊಳ್ಳುವುದು ಅಪರಾಧ. ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ನಿಂತಿರುವ ನಮ್ಮವರಿಗೆ ಇದು ಇನ್ನೊಂದು ಹೊಟ್ಟೆಯುರಿ. ನಾನೂ ಕಾದಿದ್ದೇನೆ.

ಅಂಗಡಿಯಲ್ಲಿ ಸಿಗುವ ಪಟಾಕಿಯ ಲೆಕ್ಕ ಬೇರೆ. ಅದರ ಪೆಟ್ಟಿಗೆ ಮೇಲೆ 1.4ಜಿ ಅಂತ ಇರುತ್ತದೆ. ಪ್ರದರ್ಶನದಲ್ಲಿ ಆಕಾಶಕ್ಕೆ ಹಾರಿಸುವ ಮದ್ದಿನ ಉಂಡೆಗಳ, ಅಂದರೆ ಶೆಲ್‌ಗಳ, ಪೆಟ್ಟಿಗೆ ಮೇಲೆ 1.3ಜಿ ಅಂತ ಇರುತ್ತದೆ. ಈ ಒಂದು ಅಂಕಿಯ ವ್ಯತ್ಯಾಸದ ನಡುವೆ ಇಡೀ ಕಾನೂನು ಕೂತಿದೆ.

1.3ಜಿ ಮುಟ್ಟುವ ಕೆಲಸಗಾರರ ಹೆಸರನ್ನು ಕಂಪನಿಯವರು ಎಟಿಎಫ್‌ಗೆ, ಅಂದರೆ ಮದ್ಯ, ತಂಬಾಕು, ಬಂದೂಕು ಮತ್ತು ಸ್ಫೋಟಕಗಳನ್ನು ನೋಡಿಕೊಳ್ಳುವ ಕೇಂದ್ರ ಇಲಾಖೆಗೆ, ಕೊಡಬೇಕು. ನೀವು 5400.28 ಅನ್ನುವ ಫಾರ್ಮ್ ತುಂಬುತ್ತೀರಿ. ನಿಮ್ಮ ಹಿನ್ನೆಲೆ ನೋಡಿ ಅವರು ಒಪ್ಪಿಗೆ ಕೊಡುತ್ತಾರೆ. ಆ ಒಪ್ಪಿಗೆ ಆ ಕಂಪನಿಗೆ ಮಾತ್ರ. ಮುಂದಿನ ವರ್ಷ ಬೇರೆ ಕಂಪನಿಗೆ ಹೋದರೆ ಮತ್ತೆ ಮೊದಲಿಂದ ಶುರು. ಒಂದು ವರ್ಷಕ್ಕಿಂತ ಜಾಸ್ತಿ ಜೈಲು ಶಿಕ್ಷೆ ಆಗಬಹುದಾದ ಅಪರಾಧ ನಿಮ್ಮ ಮೇಲೆ ಸಾಬೀತಾಗಿದ್ದರೆ ಆಗುವುದಿಲ್ಲ. ಗಾಂಜಾ ಸೇದುವವರಿಗೂ ಆಗುವುದಿಲ್ಲ. ನಿಮ್ಮ ರಾಜ್ಯದಲ್ಲಿ ಗಾಂಜಾ ಅಂಗಡಿ ಬೀದಿಗೊಂದು ಇರಬಹುದು. ಕೇಂದ್ರದ ಕಾನೂನು ಅದನ್ನು ಕೇಳುವುದಿಲ್ಲ.

ವಯಸ್ಸಿನ ವಿಷಯ: ಪ್ರದರ್ಶನಗಳಿಗೆ ಇಲ್ಲಿ ಎಲ್ಲರೂ ಹಿಡಿಯುವ ನಿಯಮ ಪುಸ್ತಕ ಎನ್‌ಎಫ್‌ಪಿಎ 1123. ಅದರ ಪ್ರಕಾರ ಸಹಾಯಕರಿಗೆ 18, ಜವಾಬ್ದಾರಿ ಹೊರುವ ಆಪರೇಟರ್‌ಗೆ 21 ತುಂಬಿರಬೇಕು.

ಇನ್ನೊಂದು ಮಾತು. 'ವಾಲಂಟಿಯರ್' ಅನ್ನುವ ಪದವನ್ನು ಈ ಕೆಲಸದಲ್ಲಿ ಸಡಿಲವಾಗಿ ಬಳಸುತ್ತಾರೆ. ಕಾಗದದಲ್ಲಿ ನೋಡಿದರೆ ಹಲವು ಕಂಪನಿಗಳು ಆ ಒಂದು ದಿನಕ್ಕೆ ನಿಮ್ಮನ್ನು ನೌಕರರ ಪಟ್ಟಿಗೆ ಸೇರಿಸಿಕೊಳ್ಳುತ್ತವೆ. ಪೆಟ್ಟಾದರೆ ವಿಮೆ ಸಿಗಬೇಕಲ್ಲ, ಅದಕ್ಕೆ. ಕೈಗೆ ಸಣ್ಣ ಮೊತ್ತವೂ ಬರಬಹುದು. ಪೆಟ್ರೋಲಿಗೆ ಸಾಕು, ಊಟಕ್ಕೆ ಸಾಲದು. ವೀಸಾದಲ್ಲಿ ಇರುವವರು 'ಮದ್ದು ಮುಟ್ಟಲ್ಲ, ಸುಮ್ನೆ ಬೇಲಿ ಕಾಯ್ತೀನಿ' ಅಂತ ಹೋಗುವ ಮೊದಲೂ ಒಬ್ಬ ವಕೀಲರನ್ನು ಕೇಳುವುದು ಒಳ್ಳೆಯದು.

ಎರಡನೆಯದು: ತಂಡ ಹುಡುಕುವುದು

ಜೂನ್‌ನಲ್ಲಿ ಫೋನ್ ಮಾಡಬೇಡಿ. ಆಗ ಅವರ ತಲೆ ಕೆಟ್ಟು ಹೋಗಿರುತ್ತದೆ. ಜನವರಿಯಿಂದ ಮಾರ್ಚ್ ಒಳಗೆ ಕೇಳಿ. ಎಟಿಎಫ್ ಕಾಗದಕ್ಕೂ ಸಮಯ ಬೇಕು.

ದೊಡ್ಡ ಮನೆತನಗಳ ಕಂಪನಿಗಳು ಇಲ್ಲಿವೆ. ಪೆನ್ಸಿಲ್ವೇನಿಯಾದ ನ್ಯೂ ಕ್ಯಾಸಲ್‌ನಲ್ಲಿ ಬೇರು ಬಿಟ್ಟ ಜಾಂಬೆಲ್ಲಿ, ನ್ಯೂಯಾರ್ಕಿನ ಗ್ರೂಚಿ, ಕ್ಯಾಲಿಫೋರ್ನಿಯಾದ ಸೌಜಾ ಕುಟುಂಬದ ಪೈರೋ ಸ್ಪೆಕ್ಟಾಕ್ಯುಲರ್ಸ್. ಒಂದೇ ರಾತ್ರಿ ನೂರಾರು ಊರುಗಳಲ್ಲಿ ಪ್ರದರ್ಶನ ಮಾಡಬೇಕಾದ ದೇಶ ಇದು. ವರ್ಷವಿಡೀ ಅಷ್ಟು ಜನರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಲು ಯಾರಿಂದಲೂ ಆಗದು. ಹಾಗಾಗಿ ಜುಲೈ 4ಕ್ಕೆ ಬಯಲಲ್ಲಿ ನಿಲ್ಲುವವರಲ್ಲಿ ಜಾಸ್ತಿ ಜನ ಬೇರೆ ಕೆಲಸದವರೇ. ನಮ್ಮ ಲೀಡ್, ಅಂದರೆ ತಂಡದ ಮುಖಂಡ, ಒಬ್ಬ ಹೈಸ್ಕೂಲ್ ಮೇಷ್ಟ್ರು. ವೈರ್ ಎಳೆಯುವವರು ಗಂಡ ಹೆಂಡತಿ, ಇಬ್ಬರೂ ಅಂಚೆ ಇಲಾಖೆಯವರು.

ನಿಮ್ಮ ಊರಿನ ಪ್ರದರ್ಶನ ಮಾಡುವವರು ಯಾರು ಅಂತ ನಗರಸಭೆ ಕಚೇರಿಯಲ್ಲೋ ಅಗ್ನಿಶಾಮಕ ಠಾಣೆಯಲ್ಲೋ ಕೇಳಿದರೆ ಗೊತ್ತಾಗುತ್ತದೆ. ಇನ್ನೊಂದು ದಾರಿ ಪೈರೋಟೆಕ್ನಿಕ್ಸ್ ಗಿಲ್ಡ್ ಇಂಟರ್‌ನ್ಯಾಷನಲ್. 1969ರಲ್ಲಿ ಶುರುವಾದ ಹವ್ಯಾಸಿಗಳ ಸಂಘ. ಪ್ರತಿ ಆಗಸ್ಟ್‌ನಲ್ಲಿ ಒಂದು ವಾರದ ಸಮಾವೇಶ, ಒಂದೊಂದು ವರ್ಷ ಒಂದೊಂದು ಊರಲ್ಲಿ. ಆಪರೇಟರ್ ತರಬೇತಿಯನ್ನೂ ಕೊಡುತ್ತಾರೆ. ಹಲವು ರಾಜ್ಯಗಳಲ್ಲಿ ಇಂಥದ್ದೇ ಸಣ್ಣ ಕ್ಲಬ್ಬುಗಳಿವೆ.

ಫೋನಿನಲ್ಲಿ ಏನು ಹೇಳಬೇಕು? "ಇಡೀ ದಿನ ಬಿಡುವಿದೆ, ಭಾರ ಎತ್ತುತ್ತೇನೆ, ಮುಗಿದ ಮೇಲೆ ಸ್ವಚ್ಛ ಮಾಡಲು ಇರುತ್ತೇನೆ." ಇಷ್ಟು ಸಾಕು. "ನನಗೆ ಚಿಕ್ಕಂದಿನಿಂದ ಬಾಂಬ್ ಅಂದ್ರೆ ಪ್ರಾಣ" ಅನ್ನಬೇಡಿ. ಮದ್ದಿನ ಜೊತೆ ಬದುಕುವವರಿಗೆ ಉತ್ಸಾಹ ಉಕ್ಕುವವನನ್ನು ಕಂಡರೆ ಭಯ.

ಮೂರನೆಯದು: ಬಟ್ಟೆಬರೆ

ಉದ್ದ ತೋಳಿನ ಹತ್ತಿ ಅಂಗಿ, ಜೀನ್ಸ್, ಗಟ್ಟಿ ಬೂಟು. ಪಾಲಿಯೆಸ್ಟರ್, ನೈಲಾನ್ ಬೇಡವೇ ಬೇಡ. ಕಿಡಿ ಬಿದ್ದರೆ ಹತ್ತಿ ಸುಡುತ್ತದೆ, ನೈಲಾನ್ ಕರಗಿ ಚರ್ಮಕ್ಕೆ ಅಂಟುತ್ತದೆ. ಹೆಲ್ಮೆಟ್, ಕನ್ನಡಕ, ಕಿವಿಗೆ ಹಾಕುವ ಪ್ಲಗ್ಗು ಕೆಲವರು ಕೊಡುತ್ತಾರೆ, ಆದರೂ ನಿಮ್ಮದೇ ಇರಲಿ. ತಲೆಗೆ ಕಟ್ಟುವ ಟಾರ್ಚ್, ಕೈಗವಸು, ನಾಲ್ಕು ಲೀಟರ್ ನೀರು. ಬೆಂಕಿಪೊಟ್ಟಣ, ಲೈಟರ್ ಕಾರಿನಲ್ಲೇ ಇರಲಿ. ಹಿಂದಿನ ರಾತ್ರಿ ಕುಡಿದು ಬಂದವರನ್ನು ನಮ್ಮ ಮೇಷ್ಟ್ರು ಬಾಗಿಲಿಂದಲೇ ವಾಪಸ್ ಕಳಿಸಿದ್ದನ್ನು ನೋಡಿದ್ದೇನೆ.

ಪ್ರದರ್ಶನದ ದಿನ

ಬೆಳಗ್ಗೆ ಮೊದಲು ಅಳತೆ. ಯಾವ ಗಾತ್ರದ ಶೆಲ್ ಹಾರಿಸುತ್ತೀರಿ ಅನ್ನುವುದರ ಮೇಲೆ ಜನ ಎಷ್ಟು ದೂರ ಇರಬೇಕು ಅನ್ನುವುದು ನಿಂತಿದೆ. ಲೆಕ್ಕ ಸುಲಭ: ಒಂದು ಇಂಚಿಗೆ 70 ಅಡಿ. 3 ಇಂಚಿನ ಶೆಲ್ಲಿಗೆ 210 ಅಡಿ, 6 ಇಂಚಿಗೆ 420, 12 ಇಂಚಿಗೆ 840. ಕಿತ್ತಳೆ ಹಣ್ಣಿನಷ್ಟಿರುವ 3 ಇಂಚಿನದಕ್ಕೇ ಅಷ್ಟು ಜಾಗ ಬೇಕು. 12 ಇಂಚಿನದು ಬಾಸ್ಕೆಟ್‌ಬಾಲಿಗಿಂತ ದೊಡ್ಡದು. ಜಾಗ ಸಾಲದಿದ್ದರೆ ಶೆಲ್ ಸಣ್ಣದಾಗಬೇಕು, ಚೌಕಾಸಿ ಇಲ್ಲ. ಈ ಲೆಕ್ಕ ಕಲಿತ ದಿನ ನನಗೆ ಊರಿನ ಜಾತ್ರೆಗಳು ನೆನಪಾದವು. ಹಗ್ಗಕ್ಕೆ ಒರಗಿ ನಿಂತು ನೋಡುತ್ತಿದ್ದೆವು, ಅಲ್ವಾ?

ಆಮೇಲೆ ಕೊಳವೆಗಳು. ಇಲ್ಲಿ ಮಾರ್ಟರ್ ಅನ್ನುತ್ತಾರೆ. ದಪ್ಪ ಪ್ಲಾಸ್ಟಿಕ್ಕಿನವು ಅಥವಾ ಫೈಬರ್‌ಗ್ಲಾಸಿನವು. ಸಣ್ಣವನ್ನು ಮರದ ಚೌಕಟ್ಟಿನಲ್ಲಿ ಸಾಲಾಗಿ ನಿಲ್ಲಿಸಿರುತ್ತಾರೆ, ಅದು ರ್‍ಯಾಕ್. ದೊಡ್ಡವನ್ನು ಮರಳಿನಲ್ಲಿ ಹೂಳುತ್ತಾರೆ. ಹೊಸಬರ ಪಾಲಿಗೆ ಬರುವುದು ಇದೇ ಕೆಲಸ: ಮರಳು ಹೊರುವುದು, ರ್‍ಯಾಕ್ ಇಳಿಸುವುದು, ರ್‍ಯಾಕಿಗೆ ರ್‍ಯಾಕ್ ಸೇರಿಸಿ ಅಡ್ಡಪಟ್ಟಿ ಹೊಡೆಯುವುದು.

ಅಡ್ಡಪಟ್ಟಿಯನ್ನು ಉದಾಸೀನ ಮಾಡಬೇಡಿ. 2013ರ ಜುಲೈ 4ರಂದು ಕ್ಯಾಲಿಫೋರ್ನಿಯಾದ ಸಿಮಿ ವ್ಯಾಲಿಯಲ್ಲಿ ಒಂದು ಶೆಲ್ ಕೊಳವೆಯೊಳಗೇ ಸಿಡಿಯಿತು. ಅದರ ಹೊಡೆತಕ್ಕೆ ಪಕ್ಕದ ರ್‍ಯಾಕುಗಳು ಉರುಳಿದವು. ಉರುಳಿದ ಕೊಳವೆಗಳಿಂದ ಹೊರಟ ಶೆಲ್‌ಗಳು ಆಕಾಶಕ್ಕೆ ಹೋಗಲಿಲ್ಲ, ಜನರ ಕಡೆಗೆ ಹೋದವು. ಎರಡು ಡಜನ್‌ಗೂ ಜಾಸ್ತಿ ಮಂದಿಗೆ ಗಾಯ. ಶೆಲ್ ಒಳಗೇ ಸಿಡಿಯುವುದನ್ನು ಪೂರ್ತಿ ತಡೆಯಲು ಯಾರಿಂದಲೂ ಆಗದು. ಪಕ್ಕದ್ದು ಉರುಳದ ಹಾಗೆ ಕಟ್ಟುವುದು ನಮ್ಮ ಕೈಯಲ್ಲಿದೆ. ಮೊಳೆ ಹೊಡೆದಾದ ಮೇಲೆ ರ್‍ಯಾಕನ್ನು ಎರಡೂ ಕೈಯಿಂದ ಜೋರಾಗಿ ಅಲುಗಿಸಿ. ಅಲುಗಿದರೆ ಇನ್ನೊಂದು ಪಟ್ಟಿ.

ಇಷ್ಟಾದ ಮೇಲೆ ಲಾರಿಯ ಬೀಗ ತೆಗೆಯುತ್ತಾರೆ. ಅಲ್ಲಿಯವರೆಗೆ ಲಾರಿಯನ್ನು ಒಂಟಿಯಾಗಿ ಬಿಡುವ ಹಾಗಿಲ್ಲ. ಯಾರಾದರೂ ಒಬ್ಬರು ಕಾವಲು ಇರಲೇಬೇಕು.

ಶೆಲ್ ಇಳಿಸುವುದು

ನಿಜವಾದ ಪಾಠ ಶುರುವಾಗುವುದು ಇಲ್ಲಿ. ಮೊದಲ ಸಲ ಶೆಲ್ ಕೈಗೆ ಬಂದಾಗ ಚೆನ್ನಾಗಿ ನೋಡಿ. ಕಾಗದ ಸುತ್ತಿದ ಉಂಡೆ, ತಳದಲ್ಲಿ ಒಂದು ಸಣ್ಣ ಬಟ್ಟಲಿನ ಥರದ ಉಬ್ಬು. ಆ ಉಬ್ಬಿನಲ್ಲಿ ಕಪ್ಪು ಮದ್ದು ಇರುತ್ತದೆ. ಶೆಲ್ಲನ್ನು ಮೇಲಕ್ಕೆ ಎಸೆಯುವುದು ಅದೇ. ಅದು ಹತ್ತಿಕೊಂಡಾಗ ಒಳಗಿನ ನಿಧಾನದ ಬತ್ತಿಗೂ ಬೆಂಕಿ ತಗಲುತ್ತದೆ. ಶೆಲ್ ಮೇಲೇರಿ ತುದಿ ಮುಟ್ಟುವ ಹೊತ್ತಿಗೆ ಬತ್ತಿ ಉರಿದು ಒಳಗಿನ ಸಿಡಿಮದ್ದನ್ನು ಮುಟ್ಟಬೇಕು. ಆಗ 'ನಕ್ಷತ್ರ' ಅನ್ನುವ ಬಣ್ಣದ ಮದ್ದಿನ ಗುಳಿಗೆಗಳು ಉರಿಯುತ್ತಾ ಚದುರುತ್ತವೆ. ಕೆಂಪು ಬಂದರೆ ಸ್ಟ್ರಾನ್ಷಿಯಂ, ಹಸಿರು ಬಂದರೆ ಬೇರಿಯಂ, ನೀಲಿ ಬಂದರೆ ತಾಮ್ರ. ಒಳ್ಳೆಯ ನೀಲಿ ಬರಿಸುವುದು ಎಲ್ಲಕ್ಕಿಂತ ಕಷ್ಟ. ಕಾವು ಸ್ವಲ್ಪ ಜಾಸ್ತಿಯಾದರೂ ಬಣ್ಣ ಕೆಡುತ್ತದೆ. ಹಾಗಾಗಿ ನೋಡುವವರು ಕೆಂಪಿಗೆ ಚಪ್ಪಾಳೆ ತಟ್ಟುತ್ತಾರೆ, ಕೆಲಸದವರು ನೀಲಿಗೆ.

ಕೊಳವೆಗೆ ಇಳಿಸುವಾಗ ಉಬ್ಬು ಕೆಳಗೆ. ಶೆಲ್ಲನ್ನು ಎತ್ತಿ ಹಾಕಬಾರದು. ಉದ್ದನೆಯ ಬತ್ತಿ ಹಿಡಿದು, ಬಾವಿಗೆ ಕೊಡ ಇಳಿಸಿದ ಹಾಗೆ ಮೆಲ್ಲಗೆ ಇಳಿಸಬೇಕು. ಪಕ್ಕದಲ್ಲಿ ನಿಂತು ಕೈ ಮಾತ್ರ ಚಾಚಬೇಕು. ತಲೆ, ಎದೆ, ಭುಜ ಯಾವುದೂ ಕೊಳವೆಯ ಬಾಯಿಯ ಮೇಲೆ ಬರಬಾರದು. ಖಾಲಿ ಕೊಳವೆ ಆದರೂ ಸರಿ, ಬಾರದು. 'ಖಾಲಿ ಇದೆಯಲ್ಲ' ಅಂತ ಬಗ್ಗಿದವರನ್ನು ಇಲ್ಲಿ ಮಾತಾಡದೆ ಭುಜ ಹಿಡಿದು ಹಿಂದಕ್ಕೆ ಎಳೆಯುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ.

ನಾನು ಮಾಡಿದ ತಪ್ಪು ಒಂದನ್ನು ಹೇಳುತ್ತೇನೆ. ಎರಡನೇ ವರ್ಷ, ಸಂಜೆಯ ಅವಸರ. 3 ಇಂಚಿನ ಒಂದು ಶೆಲ್ಲನ್ನು 4 ಇಂಚಿನ ಕೊಳವೆಗೆ ಇಳಿಸಿಬಿಟ್ಟೆ. ಸಲೀಸಾಗಿ ಇಳಿಯಿತು. ಸಲೀಸಾಗಿ ಇಳಿದದ್ದೇ ತಪ್ಪಿನ ಗುರುತು ಅಂತ ನನಗೆ ಹೊಳೆಯಲಿಲ್ಲ. ಸುತ್ತ ಜಾಗ ಬಿಟ್ಟರೆ ಮದ್ದಿನ ಹೊಗೆ ಪಕ್ಕದಿಂದ ನುಗ್ಗಿ ಹೋಗುತ್ತದೆ, ಶೆಲ್ಲಿಗೆ ಮೇಲೇರುವಷ್ಟು ತಳ್ಳು ಸಿಗುವುದಿಲ್ಲ. ಬತ್ತಿ ಮಾತ್ರ ತನ್ನ ಪಾಡಿಗೆ ಉರಿಯುತ್ತದೆ. ಹಾಗಾಗಿ ಅರ್ಧ ದಾರಿಯಲ್ಲಿ, ಇಲ್ಲವೇ ನೆಲದ ಹತ್ತಿರವೇ ಸಿಡಿಯುತ್ತದೆ. ಲೀಡ್ ಮೇಷ್ಟ್ರು ಪ್ರತಿ ಸಾಲಿನ ಬತ್ತಿಯನ್ನೂ ಮುಟ್ಟಿ ನೋಡುತ್ತಾ ಬಂದವರು ಅಲ್ಲಿ ನಿಂತರು. ಬೈಯಲಿಲ್ಲ. ಇಡೀ ಸಾಲನ್ನು ನನ್ನ ಕೈಯಲ್ಲೇ ತೆಗೆಸಿ, ಲೇಬಲ್ ಜೋರಾಗಿ ಓದಿಸಿ, ಮತ್ತೆ ಇಳಿಸಿಸಿದರು. ಈಗಲೂ ನಾನು ಲೇಬಲ್ ಬಾಯಿಬಿಟ್ಟು ಓದುತ್ತೇನೆ. ಹೊಸಬರು ನಗುತ್ತಾರೆ, ನಗಲಿ.

ಇಳಿಸಿದ ಕೂಡಲೇ ಕೊಳವೆಯ ಬಾಯಿಗೆ ಅಲ್ಯೂಮಿನಿಯಂ ಹಾಳೆ ಮುಚ್ಚುತ್ತಾರೆ. ಮಳೆ ಹನಿ ಬೀಳಬಾರದು, ಪಕ್ಕದ ಕಿಡಿಯೂ ಬೀಳಬಾರದು. ಕಿಡಿ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಪಕ್ಕದ ಕೇರಳವನ್ನೇ ನೋಡಬೇಕು. 2016ರ ಏಪ್ರಿಲ್ 10ರ ಬೆಳಗಿನ ಜಾವ ಕೊಲ್ಲಂ ಜಿಲ್ಲೆಯ ಪುಟ್ಟಿಂಗಲ್ ದೇವಸ್ಥಾನದಲ್ಲಿ ಕಿಡಿ ತಗಲಿದ್ದು ಕೂಡಿಟ್ಟ ಮದ್ದಿಗೆ. ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಪ್ರದರ್ಶನಕ್ಕೆ ಜಿಲ್ಲಾಡಳಿತದ ಅನುಮತಿಯೂ ಇರಲಿಲ್ಲ. ನಾವಿಲ್ಲಿ ಎಲ್ಲವನ್ನೂ ಮೊದಲೇ ಕೊಳವೆಗೆ ಇಳಿಸಿ, ಖಾಲಿ ಪೆಟ್ಟಿಗೆ ದೂರ ಸಾಗಿಸಿ, ಶುರುವಾಗುವ ಹೊತ್ತಿಗೆ ಬಯಲಿನಲ್ಲಿ ತೆರೆದ ಮದ್ದು ಒಂದು ಚಮಚವೂ ಇಲ್ಲದ ಹಾಗೆ ನೋಡಿಕೊಳ್ಳುವುದು ಸುಮ್ನೆ ಅಲ್ಲ.

ವೈರು, ಪರೀಕ್ಷೆ, ಕಾಯುವುದು

ಈಗ ಕೈಯಲ್ಲಿ ಬೆಂಕಿ ಹಿಡಿದು ಹಚ್ಚುವುದು ಕಡಿಮೆಯಾಗಿದೆ. ಬತ್ತಿಯ ತುದಿಗೆ ಇ-ಮ್ಯಾಚ್ ಸಿಕ್ಕಿಸುತ್ತಾರೆ. ಬೆಂಕಿಕಡ್ಡಿಯ ತಲೆಯಂಥ ಸಣ್ಣ ಉಂಡೆ, ಅದಕ್ಕೆ ಎರಡು ತಂತಿ. ಕರೆಂಟ್ ಹರಿದರೆ ಹತ್ತಿಕೊಳ್ಳುತ್ತದೆ. ಅದನ್ನು ಜಜ್ಜಬಾರದು, ಎಳೆದಾಡಬಾರದು. ತಂತಿಯನ್ನು ಮಾಡ್ಯೂಲ್ ಅನ್ನುವ ಪೆಟ್ಟಿಗೆಯ ಸರಿಯಾದ ನಂಬರಿಗೆ ಸೇರಿಸಬೇಕು. ಇಲ್ಲಿ ಮುಖ್ಯವಾಗಿ ಬೇಕಾಗುವುದು ತಾಳ್ಮೆ ಮತ್ತು ಕನ್ನಡಕ. 17ಕ್ಕೆ ಹೋಗಬೇಕಾದ್ದು 71ಕ್ಕೆ ಹೋದರೆ ಸಂಗೀತ ಒಂದು ಕಡೆ, ಬೆಳಕು ಇನ್ನೊಂದು ಕಡೆ.

ಆಮೇಲೆ ಎಲ್ಲರನ್ನೂ ಬಯಲಿನಿಂದ ಹೊರಗೆ ಕಳಿಸಿ, ತಂತಿ ಸರಿಯಾಗಿ ಸೇರಿದೆಯೇ ಅಂತ ತೀರಾ ಸಣ್ಣ ಕರೆಂಟ್ ಬಿಟ್ಟು ಪರೀಕ್ಷೆ ಮಾಡುತ್ತಾರೆ. ಹಸಿರು ದೀಪ ಬರದ ನಂಬರನ್ನು ಹುಡುಕಿಕೊಂಡು ಹೋಗಿ ಸರಿಪಡಿಸುವ ಕೆಲಸ ಕೇಳಿ ಪಡೆಯಿರಿ. ಇಡೀ ವ್ಯವಸ್ಥೆ ಒಂದೇ ಸಂಜೆಯಲ್ಲಿ ಅರ್ಥವಾಗುತ್ತದೆ. ದೂರದಲ್ಲಿ ಮಿಂಚು ಕಂಡರೆ ಮಾತ್ರ ಎಲ್ಲ ಬಿಟ್ಟು ಹೊರಗೆ ನಡೆಯಿರಿ.

ಕಂಪ್ಯೂಟರ್ ಎಲ್ಲ ಮಾಡುತ್ತದೆ ಅಂತ ನಂಬಿದವರಿಗೆ 2012ರ ಸ್ಯಾನ್ ಡಿಯಾಗೊ ನೆನಪಿಸಬೇಕು. ಸುಮಾರು ಹದಿನೆಂಟು ನಿಮಿಷ ನಡೆಯಬೇಕಿದ್ದ ಜುಲೈ 4ರ ಪ್ರದರ್ಶನ ಅರ್ಧ ನಿಮಿಷದೊಳಗೆ ಒಟ್ಟಿಗೇ ಸುಟ್ಟುಹೋಯಿತು. ಫೈರಿಂಗ್ ಪ್ರೋಗ್ರಾಮಿನ ಫೈಲಿನಲ್ಲಿ ಆದ ಎಡವಟ್ಟು. ಮದ್ದು ಇಟ್ಟಿದ್ದ ದೋಣಿಗಳು ನೀರಿನಲ್ಲಿ ದೂರ ಇದ್ದವು, ಜನ ದಡದಲ್ಲಿದ್ದರು. ಯಾರಿಗೂ ಪೆಟ್ಟಾಗಲಿಲ್ಲ. ಬೆಳಗ್ಗೆ ಅಳತೆ ಪಟ್ಟಿ ಹಿಡಿದು ನಡೆದದ್ದು ಯಾಕೆ ಅಂತ ಈಗ ಗೊತ್ತಾಗಿರಬೇಕು.

ಸಂಜೆ ಏಳರಿಂದ ಒಂಬತ್ತೂವರೆ ತನಕ ಏನೂ ಕೆಲಸ ಇರುವುದಿಲ್ಲ. ಪಿಜ್ಜಾ ತಿನ್ನುತ್ತಾ ಹಳಬರ ಬಾಯಿ ಬಿಡಿಸುವ ಹೊತ್ತು ಇದು. ಯಾವ ಊರಿನ ಬಯಲಿನಲ್ಲಿ ಗಾಳಿ ಹೇಗೆ ತಿರುಗುತ್ತದೆ ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ.

ಪ್ರದರ್ಶನದ ಹೊತ್ತಿಗೆ ನಿಮಗೆ ಸಿಗುವುದು ಬಹುಶಃ ಬೇಲಿ ಕಾಯುವ ಕೆಲಸ ಅಥವಾ ಬೆಂಕಿ ಆರಿಸುವ ಸಿಲಿಂಡರ್. ಮೊದಲ ವರ್ಷ ನಾನು ಇಪ್ಪತ್ತು ನಿಮಿಷದಲ್ಲಿ ಹದಿನೈದು ನಿಮಿಷ ಆಕಾಶಕ್ಕೆ ಬೆನ್ನು ಹಾಕಿ ಜನರನ್ನೇ ನೋಡುತ್ತಾ ನಿಂತಿದ್ದೆ. ಆ ಮುಖಗಳೂ ನೋಡಲು ಚೆನ್ನಾಗಿಯೇ ಇರುತ್ತವೆ.

ಮುಗಿದ ಮೇಲೆ

ಜನ ಕಾರು ಹತ್ತುವಾಗ ನಮ್ಮ ಎರಡನೇ ಪಾಳಿ ಶುರು. ಲೀಡ್ ಹೇಳುವ ತನಕ ಯಾರೂ ಒಳಗೆ ಕಾಲಿಡುವುದಿಲ್ಲ. ಮೊದಲು ಅವರು ಟಾರ್ಚ್ ಹಿಡಿದು ಪ್ರತಿ ಸಾಲನ್ನೂ ದೂರದಿಂದ ನೋಡುತ್ತಾರೆ. ಹಾಳೆ ಹರಿಯದೆ ಉಳಿದ ಕೊಳವೆ ಅಂದರೆ ಒಳಗೆ ಶೆಲ್ ಇದೆ ಅಂತ ಅರ್ಥ. ನಾವು ಊರಲ್ಲಿ ಠುಸ್ ಪಟಾಕಿ ಅಂತ ನಗುತ್ತಿದ್ದೆವಲ್ಲ, ಇಲ್ಲಿ ಯಾರೂ ನಗುವುದಿಲ್ಲ. ಹಾರಿ ಹೋಗಿ ಸಿಡಿಯದೆ ಹುಲ್ಲಿನಲ್ಲಿ ಬಿದ್ದದ್ದಂತೂ ಇನ್ನೂ ಅಪಾಯ. ಕಂಡರೆ ಮುಟ್ಟಬೇಡಿ, ಒದೆಯಬೇಡಿ. ಅಲ್ಲೇ ನಿಂತು ಕೂಗಿ.

ಮಿಕ್ಕದ್ದು ಬೆನ್ನಿನ ಕೆಲಸ. ವೈರು ಸುತ್ತಿ, ಮರಳು ಖಾಲಿ ಮಾಡಿ, ರ್‍ಯಾಕ್ ಲಾರಿಗೆ ಏರಿಸುವಾಗ ರಾತ್ರಿ ಎರಡು ದಾಟಿರುತ್ತದೆ. ಅರ್ಧ ಜನ ಈ ಹೊತ್ತಿಗೆ 'ನಾಳೆ ಆಫೀಸು' ಅಂತ ಜಾರಿಕೊಂಡಿರುತ್ತಾರೆ. ಯಾರು ಉಳಿದರು ಅಂತ ಲೀಡ್ ಮನಸ್ಸಿನಲ್ಲೇ ಲೆಕ್ಕ ಇಟ್ಟಿರುತ್ತಾರೆ.

ಸಹಾಯಕನಿಂದ ಆಪರೇಟರ್ ತನಕ

ಒಂದು ನೋಟ್‌ಬುಕ್ ಇಡಿ. ತಾರೀಕು, ಊರು, ಅತಿ ದೊಡ್ಡ ಶೆಲ್ ಎಷ್ಟು ಇಂಚು, ನೀವು ಮಾಡಿದ ಕೆಲಸ, ಲೀಡ್ ಸಹಿ. ಲೈಸೆನ್ಸ್ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಲೈಸೆನ್ಸ್ ಕೇಳುವ ಕಡೆ ಪರೀಕ್ಷೆಯ ಜೊತೆಗೆ ಇಷ್ಟು ಪ್ರದರ್ಶನದಲ್ಲಿ ಕೆಲಸ ಮಾಡಿದ್ದಾನೆ ಅನ್ನುವ ಪುರಾವೆ, ಅನುಭವಸ್ಥರ ಪತ್ರ ಬೇಕಾಗಬಹುದು. ಐದು ವರ್ಷ ಆದ ಮೇಲೆ ನೆನಪಿನಿಂದ ಬರೆಯಲು ಕೂತರೆ ಏನೂ ಹೊಳೆಯುವುದಿಲ್ಲ. ನಿಮ್ಮ ರಾಜ್ಯದ ಫೈರ್ ಮಾರ್ಷಲ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಅವರು ಕೇಳುವ ರೀತಿಯಲ್ಲೇ ಬರೆದಿಡಿ.

ಲಾರಿ ಓಡಿಸಲು ಬರುವವರಿಗೆ ಬೇಡಿಕೆ ಜಾಸ್ತಿ. 1.3ಜಿ ಎಷ್ಟೇ ಸ್ವಲ್ಪ ಇದ್ದರೂ ಲಾರಿಗೆ ಸ್ಫೋಟಕದ ಫಲಕ ಹಾಕಬೇಕು, ಚಾಲಕನ ಲೈಸೆನ್ಸಿನಲ್ಲಿ ಅಪಾಯಕಾರಿ ಸರಕಿನ ಅನುಮತಿ ಇರಬೇಕು. ಅದು ನಿಮ್ಮ ಕೈಯಲ್ಲಿದ್ದರೆ ಕಂಪನಿಯವರೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಗುಂಡಿ ಒತ್ತುವ ಭಾಗ್ಯ ನನಗೆ ಸಿಕ್ಕಿದ್ದು ನಾಲ್ಕನೇ ವರ್ಷ, ಒಂದು ಸಣ್ಣ ಊರಿನ ಹಬ್ಬದಲ್ಲಿ. ಅತಿ ದೊಡ್ಡದು 4 ಇಂಚಿನದು. ಕೈ ನಡುಗುತ್ತಿತ್ತು. ಮೇಷ್ಟ್ರು ಪಕ್ಕದಲ್ಲಿ ನಿಂತು ಗಾಳಿಯನ್ನು ನೋಡುತ್ತಿದ್ದರು, ನನ್ನನ್ನಲ್ಲ.

ರಾತ್ರಿ ಪ್ರದರ್ಶನ ಆಗಿದ್ದರೆ ಮರುದಿನ ಬೆಳಕು ಹರಿಯುವಾಗ ಬಯಲನ್ನು ಮತ್ತೊಮ್ಮೆ ಹುಡುಕಬೇಕು, ಜನರನ್ನು ಒಳಗೆ ಬಿಡುವ ಮೊದಲು. ಅದಕ್ಕೆ ಸಾಮಾನ್ಯವಾಗಿ ಯಾರೂ ಕೈ ಎತ್ತುವುದಿಲ್ಲ. ನೀವು ಎತ್ತಿ. ಅಲಾರಂ ನಾಲ್ಕೂವರೆಗೆ ಇಡಿ, ಬೂಟು ಕಾರಿನಲ್ಲೇ ಇರಲಿ, ಹುಲ್ಲು ಪೂರ್ತಿ ಒದ್ದೆಯಾಗಿರುತ್ತದೆ.